ಒಗೆಯದೆ ಬಿಟ್ಟ ಕೋಟು

ನೊರೆಯಕ್ಕನ ಲಾಂಡ್ರಿಯ ಮೋರಿ ನೀರು ಕುಡಿದ ಕಾಗೆಗಳು ಬೇರೆ ಬೀದಿಯ ಕಾಗೆಗಳಿಗಿಂತ ಎರಡು ಪಟ್ಟು ಹೊಳೆಯುತ್ತಿದ್ದವು. ನಂಬಿಕೆ ಬಾರದವರು ಆ ಕಾಗೆಗಳನ್ನೇ ಕೇಳಬಹುದು, ಅವು ಇನ್ನೂ ಅಲ್ಲೇ ಇವೆ. ಅಂಗಡಿಯ ಇಸ್ತ್ರಿ ಮಾಮ ಒತ್ತಿಟ್ಟ ಪ್ಯಾಂಟಿನ ಮಡಿಕೆಯ ಮೇಲೆ ಒಮ್ಮೆ ಸೊಳ್ಳೆಯೊಂದು ಬಂದು ಕೂತು ಎರಡು ಹೋಳಾಗಿ ಬಿತ್ತು. ಮಾಮ ಮಾತ್ರ ಅದು ಸೊಳ್ಳೆಯಲ್ಲ, ನೊಣ ಎಂದು ಇವತ್ತಿಗೂ ವಾದಿಸುತ್ತಾನೆ. ಇನ್ನು ನೊರೆಯಕ್ಕನ ಕಣ್ಣಿನ ವಿಷಯ ಹೇಳಹೊರಟರೆ ಅದಕ್ಕೇ ಬೇರೆ ಪುಸ್ತಕ ಬೇಕು. ಅವಳು ಅಂಗಿಯ ತೋಳನ್ನು ಬೆಳಕಿಗೆ ಹಿಡಿದಳೆಂದರೆ ತೊಟ್ಟವರ ಬಾಯಿ ಒಣಗುತ್ತಿತ್ತು. ಪೊಲೀಸರು ವಾರಗಟ್ಟಲೆ ಬಡಿದರೂ ಬಾಯಿ ಬಿಡದ ಮನುಷ್ಯ ಅವಳ ಗಲ್ಲಾದ ಮುಂದೆ ಅರೆಕ್ಷಣದಲ್ಲಿ ಬಯಲಾಗುತ್ತಿದ್ದ.

"ಏನ್ ಸಾರ್, ಆಫೀಸಲ್ಲಿ ಕೆರೆ ತೋಡಿದ್ದಾರಾ?" ಎಂದು ಒಬ್ಬ ಗುಮಾಸ್ತನನ್ನು ಅವಳು ಕೇಳಿದ್ದುಂಟು.

"ಯಾಕಕ್ಕಾ?"

"ಪ್ಯಾಂಟಿನ ಅಂಚಲ್ಲಿ ಪಾಚಿ ಇದೆ. ಮೀನು ಸಿಕ್ತಾ, ಇಲ್ಲಾ ಬರೀ ರಜೆ ಹಾಳಾಯ್ತಾ?"

ಪಕ್ಕದಲ್ಲಿ ನಿಂತಿದ್ದ ಗುಮಾಸ್ತನ ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಅಂಗಡಿಯ ಒದ್ದೆ ಬಟ್ಟೆಯೆಲ್ಲ ಒಣಗಿಹೋಯಿತು.

ಮೊದಲಿಗೇ ಇಷ್ಟು ಹೊಗಳಿ ಮುಗಿಸಿದ್ದಕ್ಕೆ ಕಾರಣವಿದೆ. ಇನ್ನು ಮುಂದೆ ಬರುವ ಕೋಟಿನ ವಿಷಯದಲ್ಲಿ ಒಂದು ನೂಲೆಳೆಯಷ್ಟನ್ನೂ ಸೇರಿಸುವಂತಿಲ್ಲ. ಕಾಗೆಗೆ ಹೊಳಪು ಕೊಡಬಹುದು, ಸೊಳ್ಳೆಯನ್ನು ಸೀಳಬಹುದು. ಆ ಕೋಟಿಗೆ ಬಣ್ಣ ಹಚ್ಚಿ ಹೇಳುವ ಧೈರ್ಯ ಆ ಬೀದಿಯಲ್ಲಿ ಎಂಥ ಬಾಯಿಬಡುಕನಿಗೂ ಇಲ್ಲ.

ಅದು ನೊರೆಯಕ್ಕನ ಗಂಡನ ಕೋಟು. ಕಂದು ಉಣ್ಣೆಯದು, ಮೊಣಕೈ ಹತ್ತಿರ ಸ್ವಲ್ಪ ಸವೆದದ್ದು. ಅಂಗಡಿ ಕಟ್ಟಿದವನು ಅವನೇ, ಅಂಗಡಿಯ ನಿಯಮ ಮಾಡಿದವನೂ ಅವನೇ. ಅಲ್ಲಿ ಚೀಟಿ ಗೀಟಿ ಇರಲಿಲ್ಲ. ಪ್ರತಿ ಬಟ್ಟೆಗೂ ಜೋಡಿ ಹಿತ್ತಾಳೆ ಬಿಲ್ಲೆ. ಒಂದನ್ನು ಬಟ್ಟೆಯ ಗುಂಡಿಗೆ ಕಟ್ಟುವುದು, ಇನ್ನೊಂದನ್ನು ಗಿರಾಕಿಯ ಕೈಗೆ ಕೊಡುವುದು. ಬಿಲ್ಲೆ ತಂದವರಿಗೆ ಬಟ್ಟೆ. ಬಿಲ್ಲೆ ಇಲ್ಲದೆ ಸ್ವತಃ ಬಟ್ಟೆಯ ಒಡೆಯ ಬಂದು ಗೋಗರೆದರೂ ಬಟ್ಟೆಯಿಲ್ಲ. ಬಿಲ್ಲೆ ಬರುವವರೆಗೆ ಎಷ್ಟು ವರ್ಷವಾದರೂ ಬಟ್ಟೆಯನ್ನು ಮಾರುವಂತಿಲ್ಲ, ಎಸೆಯುವಂತಿಲ್ಲ.

ಹೊರಟುಹೋದ ದಿನ ಅವನು ಗಲ್ಲಾದ ಹೊರಗಡೆ, ಗಿರಾಕಿ ನಿಲ್ಲುವ ಕಡೆ ನಿಂತು, ತನ್ನ ಕೋಟು ಬಿಚ್ಚಿ ಹೆಂಡತಿಯ ಮುಂದಿಟ್ಟ.

"ಒಗೆದಿಡು. ಬಂದು ತಗೊಂಡು ಹೋಗ್ತೀನಿ."

"ಬಿಲ್ಲೆ ಕೊಡ್ಲಾ ಯಜಮಾನ್ರೇ?" ಎಂದು ನೊರೆಯಕ್ಕ ಚೇಷ್ಟೆ ಮಾಡಿದಳು.

"ಕೊಡು ಮತ್ತೆ. ನಿಯಮ ನಿಯಮ ತಾನೆ?"

ಕೊಟ್ಟಳು. ಅವನು ಬಿಲ್ಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ರಸ್ತೆಯ ಎರಡೂ ಕಡೆ ನೋಡಿ, ದಾಟಿ ಹೋದ. ಇಸ್ತ್ರಿ ಮಾಮ ನಕ್ಕ, ಅವಳೂ ನಕ್ಕಳು. ಸಂಜೆಯ ಹೊತ್ತಿಗೆ ನಗುವುದನ್ನು ನಿಲ್ಲಿಸಿದರು.

ಕೋಟನ್ನು ಒಗೆದು, ಒತ್ತಿ, ಒಳಗಿನ ಸಾಲಿನ ಕೊನೆಯ ಕೊಂಡಿಗೆ ತೂಗುಹಾಕಿದಳು. ವಾರದ ರಜೆ ಬಂತು. ರಜೆಯ ದಿನ ಅಂಗಡಿಯ ಶಟರ್ ಎಳೆದು ಬೀಗ ಹಾಕುವುದು ರೂಢಿ. ಮಾರನೆಯ ಬೆಳಿಗ್ಗೆ ತೆರೆದಾಗ ಕೋಟಿನ ಕೊರಳಪಟ್ಟಿಯಲ್ಲಿ ಬೆವರಿತ್ತು. ಅಂಚಿಗೆ ಕೆಂಪು ದೂಳು ಹಿಡಿದಿತ್ತು. ಆ ಊರಿನ ದೂಳು ಬೂದು ಬಣ್ಣದ್ದು.

ಒಗೆದಳು. ಮುಂದಿನ ರಜೆಯ ಮರುದಿನ ಮತ್ತೆ ಕೊಳೆ. ಮಾಮನನ್ನು ಹಿಡಿದು ಕೇಳಿದಳು. ಮಾಮ ತನ್ನ ತೋಳನ್ನು ಕೋಟಿನ ತೋಳಿನ ಪಕ್ಕ ಹಿಡಿದು ತೋರಿಸಿದ. ಅವನ ಒಂದು ತೋಳು ಹೋಗಬೇಕಾದರೆ ಅಂಥ ಎರಡು ಕೋಟು ಬೇಕಿತ್ತು. ಬೀಗ ಬದಲಾಯಿಸಿದರು. ಹಿಂಬಾಗಿಲಿಗೆ ಅಗುಳಿ ಹಾಕಿದರು. ಕಿಟಕಿಗೆ ಹಲಗೆ ಹೊಡೆದರು. ಆದರೂ ಕೋಟು ಹೋಗಿಬರುತ್ತಿತ್ತು.

ಮೊದಮೊದಲು ಅವಳು ಹೆದರಿದಳು. ಆಮೇಲೆ ಓದತೊಡಗಿದಳು. ತೋಳಿನ ಒಳಭಾಗದಲ್ಲಿ ತುಕ್ಕು ಕಂಡಾಗ, ಕಬ್ಬಿಣದ ಕಂಬಿ ಹಿಡಿದು ದೂರ ಪ್ರಯಾಣ ಮಾಡಿದ್ದಾನೆ. ಬೆನ್ನಿನಲ್ಲಿ ಸುಣ್ಣ ಕಂಡಾಗ, ಯಾರದೋ ಗೋಡೆಗೆ ಒರಗಿ ಕಾದಿದ್ದಾನೆ. ಆಮೇಲೆ ಬಹಳ ಕಾಲ ಮರದ ಹೊಟ್ಟು, ಅಂಟು, ಮೆರುಗೆಣ್ಣೆ. ಅಂದರೆ ಕೆಲಸ ಸಿಕ್ಕಿದೆ, ಬಡಗಿಯ ಅಂಗಡಿಯೋ ಪೀಠೋಪಕರಣದ ಕಾರ್ಖಾನೆಯೋ. ಒಂದು ಸಲ ಕೋಟಿನ ಬಲ ತೋಳಿನ ತುದಿಯಲ್ಲಿ ರಕ್ತ ಕಂಡು ಇಡೀ ವಾರ ಅವಳಿಗೆ ಅನ್ನ ಸೇರಲಿಲ್ಲ. ಮುಂದಿನ ವಾರ ಅದೇ ಜಾಗದಲ್ಲಿ ಮುಲಾಮಿನ ಜಿಡ್ಡು ಕಂಡ ಮೇಲೆ ಎರಡು ಪಾಲು ಉಂಡಳು. ಇನ್ನೊಂದು ವಾರ ಕೊರಳಪಟ್ಟಿಯಲ್ಲಿ ಉದ್ದನೆಯ ಕೂದಲು ಸಿಕ್ಕಿತು. ಅದನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಯಾರಿಗೂ ಏನೂ ಹೇಳದೆ ಮೋರಿಗೆ ಬಿಟ್ಟಳು.

ಓದಿದ ಮೇಲೆ ಒಗೆದುಬಿಡುತ್ತಿದ್ದಳು. ಕಲೆ ಕಂಡ ಮೇಲೆ ಒಗೆಯದಿರುವುದು ಅವಳ ಕೈಗೆ ಗೊತ್ತಿರಲಿಲ್ಲ. ಗಂಡನ ಸುದ್ದಿಯೆಲ್ಲ ಹೀಗೆ ವಾರವಾರವೂ ನೊರೆಯಾಗಿ ಹರಿದುಹೋಯಿತು.

ಹೀಗೆ ವರ್ಷಗಳು ಉರುಳಿದ ಮೇಲೆ ಒಂದು ಬೆಳಿಗ್ಗೆ ಕೋಟಿನ ಎಡ ಹೆಗಲ ಮೇಲೆ ಅಂಗೈಯಗಲದ ಬಿಳಿ ಕಲೆಯಿತ್ತು. ಮೂಸಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ಮೂಸಿದಳು. ಹುಳಿ ಹಾಲು. ಎತ್ತಿಕೊಂಡ ಕೂಸು ತೇಗಿ ಕಕ್ಕಿದ್ದು. ಊರ ಮಕ್ಕಳು ಕಕ್ಕಿದ ಹಾಲನ್ನೆಲ್ಲ ತೊಳೆದ ಕೈ ಅವಳದು. ಆ ಕಲೆ ಅವಳ ಮನೆಯ ಬಟ್ಟೆಯ ಮೇಲೆ ಎಂದೂ ಬಿದ್ದಿರಲಿಲ್ಲ.

ಅವತ್ತು ಅವಳು ಕೋಟನ್ನು ಒಗೆಯಲಿಲ್ಲ. ಹಾಗೇ ಕೊಂಡಿಗೆ ಸಿಕ್ಕಿಸಿ, ಮುಖ ಗೋಡೆಯ ಕಡೆ ಮಾಡಿ, ಮೇಲೆ ಹಾಸುಬಟ್ಟೆ ಹೊದಿಸಿದಳು. ಆಮೇಲೆ ರಜೆಗಳು ಬಂದವು, ಹೋದವು. ಕೋಟಿನ ಮೇಲೆ ಹೊಸದಾಗಿ ಏನೂ ಬೀಳಲಿಲ್ಲ. ಹಾಲಿನ ಕಲೆ ಒಣಗಿ ಬಿರುಸಾಯಿತು, ಅಷ್ಟೆ.

ಸರಿಯಾಗಿ ಆ ಹೊತ್ತಿಗೇ ಕಟ್ಟಡದ ಮಾಲೀಕ ಬಂದ. ಬಾಗಿಲಿಗಿಂತ ಎತ್ತರದ ಆಸಾಮಿ. ಕತ್ತು ಬಗ್ಗಿಸುವುದು ಅವಮಾನ ಎನ್ನುವವನಾದ್ದರಿಂದ ಯಾವಾಗಲೂ ಹೊರಗೆ ನಿಂತೇ ಮಾತಾಡುತ್ತಿದ್ದ.

"ಬಾಡಿಗೆ ಕರಾರು ನಿಮ್ಮೆಜಮಾನ್ರ ಹೆಸರಲ್ಲಿದೆಯಮ್ಮ. ಅವಧಿ ಮುಗೀತಾ ಬಂತು. ಕರೆಸಿ ರುಜು ಹಾಕಿಸಿ."

"ಅವರಿಲ್ವಲ್ಲ."

"ಇಲ್ಲ ಅಂದ್ರೆ ಯಾವ ಇಲ್ಲ? ತೀರ್ಕೊಂಡಿದ್ದಾರೆ ಅಂದ್ರೆ ಹೇಳಿ, ವಾರಸುದಾರರು ಅಂತ ನಿಮ್ಮ ಹೆಸರಿಗೇ ಬರೆದುಕೊಡ್ತೀನಿ. ಕಾಲಿಗೆ ಬುದ್ಧಿ ಹೇಳಿದ್ದಾರೆ ಅಂದ್ರೆ ನಾನೇನ್ ಮಾಡ್ಲಿ? ಔಷಧಿ ಅಂಗಡಿಯವರು ಕೇಳ್ತಾ ಇದ್ದಾರೆ. ಅವರಿಗೆ ಯಜಮಾನ್ರು ಇದ್ದಾರೆ."

ಅಂಗಡಿ ಹೋದರೆ ನೊರೆಯಕ್ಕನಿಗೆ ಉಳಿಯುವುದು ಏನೂ ಇರಲಿಲ್ಲ. ಹಿಂದಿನ ಕೋಣೆಯಲ್ಲೇ ಅವಳ ಸಂಸಾರ. ಅಲ್ಲೇ ಅವಳ ಅತ್ತೆ, ಕಂಬಳಿ ಹೊದ್ದು, ಬಾಗಿಲ ಕಡೆ ಕಣ್ಣು ನೆಟ್ಟು, ಮಗನ ದಾರಿ ಕಾಯುತ್ತಿದ್ದಳು. ಆ ಮುದುಕಿಯ ನಾಲಿಗೆ ಎಷ್ಟು ಹರಿತವೆಂದರೆ ಅವಳು ಬೈದರೆ ಬಟ್ಟೆಯ ಗುಂಡಿಗಳು ತಾವೇ ಉದುರುತ್ತಿದ್ದವು.

ನೊರೆಯಕ್ಕ ವಕೀಲರನ್ನು ಕೇಳಿದಳು. ಕೇಳಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ವಕೀಲರಿಗೆ ಇದ್ದದ್ದು ಒಂದೇ ಕರಿಕೋಟು. ಬೆಳಿಗ್ಗೆ ಕೋರ್ಟಿಗೆ ಹೋಗುವ ದಾರಿಯಲ್ಲಿ ಅದನ್ನು ಬಿಚ್ಚಿ ಕೊಟ್ಟು, ಇಸ್ತ್ರಿಯಾಗುವವರೆಗೆ ಬಿಳಿ ಅಂಗಿಯಲ್ಲಿ ಗಲ್ಲಾಕ್ಕೆ ಒರಗಿ ನಿಲ್ಲುತ್ತಿದ್ದರು. ಅಷ್ಟು ಹೊತ್ತು ಬೀದಿಯವರೆಲ್ಲ ಬಂದು ಕಾನೂನು ಕೇಳುವರು. ಮನೆ ಭಾಗ, ಮಗಳ ಜೀವನಾಂಶ, ಕೆಲಸದಿಂದ ತೆಗೆದದ್ದು, ಸಾಮಾನು ಕೊಂಡು ಸತಾಯಿಸಿದ್ದು. ಕೇಳುವವರು ಇಷ್ಟವಾದವರಾದರೆ ಮಾಮ ನಿಧಾನವಾಗಿ ಒತ್ತುತ್ತಿದ್ದ. ಇಷ್ಟವಿಲ್ಲದವರಾದರೆ ಎರಡೇ ಎಳೆತಕ್ಕೆ ಕೋಟು ಮುಗಿಯುತ್ತಿತ್ತು, ಸಲಹೆಯೂ ಮುಗಿಯುತ್ತಿತ್ತು. ಅವತ್ತು ಅವನು ಒಂದು ತೋಳಿಗೇ ಅರ್ಧ ಬೆಳಿಗ್ಗೆ ಹಿಡಿದ.

"ಏಳು ವರ್ಷ," ಎಂದರು ವಕೀಲರು. "ಒಬ್ಬ ಮನುಷ್ಯನ ಸುದ್ದಿ ಯಾರಿಗೆ ಸಹಜವಾಗಿ ಗೊತ್ತಾಗಬೇಕೋ ಅವರಿಗೆ ಏಳು ವರ್ಷ ಏನೂ ಗೊತ್ತಾಗ್ಲಿಲ್ಲ ಅಂದ್ರೆ, ಸತ್ತ ಅಂತ ಕಾನೂನು ಭಾವಿಸುತ್ತೆ. ಬದುಕಿದ್ದಾನೆ ಅನ್ನೋರು ಇದ್ರೆ ಅವರು ರುಜುವಾತು ಮಾಡ್ಬೇಕು. ನಿಮ್ಮದು ಏಳು ದಾಟಿದೆ. ಅರ್ಜಿ ಹಾಕೋಣ. ನೀವು ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ ಒಂದೇ ಮಾತು ಹೇಳ್ಬೇಕು, ಯಾವ ಸುದ್ದಿಯೂ ಇಲ್ಲ ಅಂತ. ನಿಮ್ಮತ್ತೇನೂ ಹೇಳಿದ್ರೆ ಗಟ್ಟಿ."

"ನಂದೊಂದು ಪ್ರಶ್ನೆ," ಎಂದ ಮಾಮ, ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು. "ಅಂಗಡಿ ಪರವಾನಗಿನೂ ಅವನ ಹೆಸರಲ್ಲೇ ಇದೆಯಲ್ಲ. ಹಾಗಾದ್ರೆ ನಾನು ಯಾರ ನೌಕರ?"

"ಕಾಗದದ ಪ್ರಕಾರ ಅವರ ನೌಕರ."

"ಅಂದ್ರೆ ಇಲ್ಲದವನ ನೌಕರ. ರಜೆ ಬೇಕಾದ್ರೆ ಯಾರನ್ನ ಕೇಳ್ಲಿ?"

"ಅವರನ್ನೇ ಕೇಳು. ಬೇಡ ಅನ್ನೋದಿಲ್ಲ."

ನೊರೆಯಕ್ಕ ನಗಲಿಲ್ಲ. ಒಳಗೆ ಹೋಗಿ ಹಾಸುಬಟ್ಟೆ ಸರಿಸಿ ಕಂದು ಕೋಟನ್ನು ತಂದು ಗಲ್ಲಾದ ಮೇಲೆ ಹಾಸಿ, ಎಲ್ಲವನ್ನೂ ಹೇಳಿದಳು. ಕೆಂಪು ದೂಳಿನಿಂದ ಹಿಡಿದು ಹಾಲಿನವರೆಗೆ. ವಕೀಲರು ಕನ್ನಡಕ ಏರಿಸಿ, ಇಳಿಸಿ, ಹೆಗಲ ಕಲೆಯನ್ನು ಬೆರಳಿನಿಂದ ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದೆ ತೆಗೆದುಕೊಂಡರು. ಕೋರ್ಟಿನಲ್ಲಿ ಅವರ ಗಂಟಲಿಗೆ ಪಾರಿವಾಳಗಳು ಪಕ್ಕದ ಊರಿಗೆ ಹಾರುತ್ತಿದ್ದವಂತೆ. ಈಗ ಅದೇ ಗಂಟಲು ಪಿಸುಗುಟ್ಟಿತು.

"ಹಳೇ ಕಲೆಗಳೆಲ್ಲಮ್ಮ?"

"ತೊಳೆದುಬಿಟ್ಟೆ."

"ಒಂದೂ ಉಳಿದಿಲ್ವಾ?"

"ಉಳಿಸೋದು ಹೇಗೆ ಅಂತ ಗೊತ್ತಿದ್ರೆ ಲಾಂಡ್ರಿ ಯಾಕೆ ನಡೆಸ್ತಿದ್ದೆ?"

ವಕೀಲರು ರಸ್ತೆಯ ಕಡೆ ತಿರುಗಿದರು. "ಕಾನೂನಿಗೆ ಕೋಟು ಗೊತ್ತಿಲ್ಲ. ಕಾಗದ, ಫೋನು, ಕಂಡವರ ಮಾತು, ಇವಷ್ಟೇ ಸುದ್ದಿ. ಇದೊಂದು ಕೂಸು ಯಾರದೋ ಗಿರಾಕೀದೂ ಆಗಿರಬಹುದು. ಇದನ್ನ ಒಗೀಬೇಡಿ. ಒಗೆಯೋವರೆಗೆ ಹೊಸದೇನೂ ಬೀಳಲ್ಲ ಅಂತ ನೀವೇ ಹೇಳ್ತಿದ್ದೀರಿ. ಬೀಳದಿದ್ರೆ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂದ್ಮೇಲೆ ಗೊತ್ತಿಲ್ಲ ಅಂತ ಪ್ರಮಾಣ ಮಾಡೋದಕ್ಕೆ ಏನಡ್ಡಿ?"

ಅರ್ಜಿ ಹೋಯಿತು. ವಿಚಾರಣೆಯ ದಿನ ನಿಗದಿಯಾಯಿತು, ವಾರದ ರಜೆಯ ಮರುದಿನಕ್ಕೆ.

ಆ ದಿನಗಳಲ್ಲಿ ಅಂಗಡಿ ತಣ್ಣಗಾಯಿತು. ಬಾಯ್ಲರು ಕುದಿಯುತ್ತಿದ್ದರೂ ಒಳಸಾಲಿನ ಕೊನೆಗೆ ಹೋದರೆ ಮೈ ಜುಮ್ಮೆನ್ನುತ್ತಿತ್ತು. ಕೋಟಿನ ಅಕ್ಕಪಕ್ಕದ ಬಟ್ಟೆಗಳನ್ನು ಮಾಮ ತಾನಾಗಿಯೇ ದೂರ ಸರಿಸಿದ. ಹಾಸುಬಟ್ಟೆಯ ಅಡಿಯಲ್ಲಿ ಅದು ಬೆನ್ನು ತಿರುಗಿಸಿ ನಿಂತ ಮನುಷ್ಯನ ಹಾಗೆ ಕಾಣುತ್ತಿತ್ತು. ಕರೆದರೆ ತಿರುಗುತ್ತಾನೆ ಎಂಬ ಭಯಕ್ಕೆ ಯಾರೂ ಅಲ್ಲಿ ಜೋರಾಗಿ ಮಾತಾಡುತ್ತಿರಲಿಲ್ಲ.

ರಜೆಗೆ ಎರಡು ದಿನ ಮುಂಚೆ, ಮಧ್ಯಾಹ್ನ, ಅತ್ತೆ ಕಂಬಳಿ ಸಮೇತ ಎದ್ದು ಬಂದು ಒಗೆಯುವ ಕಟ್ಟೆಯ ಮೇಲೆ ಕೂತಳು.

"ಏನೇ ಹುಡುಗಿ, ಊರ ಕೊಳೆಯೆಲ್ಲ ತೊಳೀತೀಯ. ಒಂದು ಕೋಟು ಭಾರ ಆಯ್ತಾ ನಿಂಗೆ?"

ನೊರೆಯಕ್ಕ ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. "ಯಾವ ಕೋಟು?"

"ನನ್ನ ಹತ್ರ ನಾಟಕ ಬೇಡ. ರಜೆ ಮಾರನೇ ದಿನ ನೀನು ಹಲ್ಲುಜ್ಜೋ ಹೊತ್ತಿಗೆ ನಾನು ಹಿಂಬಾಗಿಲ ಅಗುಳಿ ತೆಗೆದು ಬಂದು ಮೂಸಿ ಹೋಗಿರ್ತೀನಿ."

"ಯಾವತ್ತಿಂದ?"

"ಮೊದಲನೇ ವಾರದಿಂದ."

ಅಲ್ಲಿಗೆ ಸೊಸೆಯ ಕೈ ನಿಂತಿತು. ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಎದುರುಬದುರು ಕೂತು ಉಂಡು, ಇಬ್ಬರೂ ಅದೇ ಕೋಟನ್ನು ಒಬ್ಬರಿಗೊಬ್ಬರು ಗೊತ್ತಾಗದಂತೆ ಓದುತ್ತಿದ್ದರು.

"ಹೇಳ್ಲಿಲ್ಲ ಯಾಕತ್ತೆ?"

"ನೀನ್ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಿಂಗೆ ಆ ಕೂದಲಿನ ವಿಷಯ ನನಗೂ ಗೊತ್ತು ಅಂತ ಗೊತ್ತಾಗ್ತಿತ್ತು. ನಿನ್ನ ಮುಖ ನೋಡೋದು ಹೇಗೆ ನಾನು?" ಮುದುಕಿ ಕಂಬಳಿಯ ತುದಿಯಿಂದ ಮೂಗೊರೆಸಿಕೊಂಡಳು. "ವಕೀಲ ಹೇಳಿದ್ದು ಕೇಳಿಸ್ತು. ಕಿವಿ ಇನ್ನೂ ಇದೆ. ಒಗೀದೆ ಇಟ್ಟು, ಗೊತ್ತಿಲ್ಲ ಅಂತ ಹೇಳು ಅಂತಾನೆ. ಕಣ್ಣು ಮುಚ್ಚಿಕೊಂಡು ಕತ್ತಲೆ ಅಂದ ಹಾಗೆ."

"ಅಂಗಡಿ ಹೋಗುತ್ತೆ. ನಿಮ್ಮನ್ನ ಎಲ್ಲಿ ಕೂರಿಸ್ಲಿ ನಾನು? ರಸ್ತೇಲಾ? ನಿಮ್ಮ ಮಗ ಅಲ್ಲಿ ಕೂಸು ಎತ್ಕೊಂಡು ತಿರುಗ್ತಾ ಇರೋದಕ್ಕೆ ನಾನಿಲ್ಲಿ ಬೀದಿಗೆ ಬೀಳಬೇಕಾ?"

"ಅವನು ಮಾಡಿದ್ದು ಹಲ್ಕಾ ಕೆಲಸ. ನಾನು ಹೆತ್ತದ್ದೂ ಹಲ್ಕಾನೇ ಅನ್ಕೊ." ಮುದುಕಿಯ ದನಿ ಮೊದಲ ಸಲ ಮೆತ್ತಗಾಗಿತ್ತು. "ಒಗಿ. ಒಗೆದ ಮೇಲೂ ರಜೆ ಕಳೆದು ಖಾಲಿ ಇದ್ರೆ, ಆಣೆ, ನಾನೇ ಬಂದು ಜಡ್ಜ್ ಮುಂದೆ ಹೇಳ್ತೀನಿ, ನನ್ನ ಮಗ ಸತ್ತ ಅಂತ. ನನ್ನ ಬಾಯಲ್ಲೇ ಹೇಳ್ತೀನಿ. ಆದ್ರೆ ಒಗೀದೆ ಸಾಯಿಸಬೇಡ ಅವನನ್ನ."

ನೊರೆಯಕ್ಕ ಎದ್ದು ಹೋಗಿ ಹಾಸುಬಟ್ಟೆ ತೆಗೆದಳು.

ಹಾಲಿನ ಕಲೆಗೆ ಬಿಸಿನೀರು ಸೋಕಿಸಬಾರದು, ಸೋಕಿಸಿದರೆ ನೂಲಿಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಲ್ಲಿ ನೆನೆಸಿದಳು. ಉಗುರಿನಿಂದ ಪದರು ಎಬ್ಬಿಸಿದಳು. ಮೆತ್ತನೆಯ ಬ್ರಷ್ಷಿನಿಂದ ನೂಲಿನ ಹಾದಿ ಹಿಡಿದು ಉಜ್ಜಿದಳು. ನೀರು ಬಿಳಿಯಾಯಿತು. ಅದನ್ನು ಚೆಲ್ಲುವ ಮುಂಚೆ ಅತ್ತೆ ಬಗ್ಗಿ ಬಕೆಟ್ಟಿನೊಳಗೆ ನೋಡಿದಳು. ಮಾಮ ಕೇಳದೆಯೇ ಬಂದು ಕೋಟನ್ನು ಒತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಂಡಿಗೆ ಹಾಕಿದ. ಈ ಸಲ ಮುಖ ಬಾಗಿಲ ಕಡೆಗಿತ್ತು.

ರಜೆಯ ದಿನ ಶಟರ್ ಎಳೆದು ಬೀಗ ಹಾಕಿದರು. ಅತ್ತೆ ಸೊಸೆ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಶಟರಿಗೆ ಬೆನ್ನು ಕೊಟ್ಟು ಕೂತರು. ಎಂಥ ಬಿಸಿಲೆಂದರೆ ರಸ್ತೆಯ ಟಾರು ಹರಿದು ಮೋರಿಗೆ ಸೇರುತ್ತಿತ್ತು, ಸೈಕಲ್ಲುಗಳು ಈಜಿಕೊಂಡು ಹೋಗುತ್ತಿದ್ದವು. ಹೋಗುವವರು ಬರುವವರು ನೋಡಿ ನಕ್ಕರು. "ಏನಕ್ಕಾ, ಬೀಗದ ಕೈ ಒಳಗೇ ಬಿಟ್ರಾ?" ಎಂದು ಹಾಲಿನವನು ಕೇಳಿದ. "ಇಲ್ಲಪ್ಪ, ಬಟ್ಟೆ ಮಲಗಿವೆ," ಎಂದಳು ಮುದುಕಿ.

ನಡುಮಧ್ಯಾಹ್ನ, ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಒಳಗೆ ಕೊನೆಯ ಕೊಂಡಿ ಕಂಬಿಯ ಮೇಲೆ ಸರಿದ ಸದ್ದಾಯಿತು. ಸಣ್ಣ ಸದ್ದು. ಗಿರಾಕಿಗೆ ಬಟ್ಟೆ ತೆಗೆದುಕೊಡುವಾಗ ದಿನವೂ ಕೇಳುವ ಸದ್ದು. ನೊರೆಯಕ್ಕನ ಕೈ ತಾನಾಗಿ ಬೀಗದ ಕಡೆ ಹೋಯಿತು. ಅತ್ತೆಯ ಕೈ ಬಂದು ಅದನ್ನು ಹಿಡಿಯಿತು.

"ಹೋಗಲಿ ಬಿಡೇ," ಎಂದಳು. "ತಡ ಆಗುತ್ತೆ ಅವನಿಗೆ."

ಇಬ್ಬರೂ ಹಾಗೇ ಕೈ ಹಿಡಿದುಕೊಂಡು ಸಂಜೆಯವರೆಗೆ ಕೂತಿದ್ದರು. ಬಿಸಿಲು ಇಳಿಯುವಾಗ ಅದೇ ಸದ್ದು ಮತ್ತೊಮ್ಮೆ ಆಯಿತು.

ಬೆಳಿಗ್ಗೆ ಮಾಮ ಶಟರ್ ಎತ್ತಿದ. ಕೋಟು ತನ್ನ ಜಾಗದಲ್ಲೇ ಇತ್ತು. ಗುಂಡಿಗಳನ್ನು ಒಂದು ತಪ್ಪಿಸಿ ಹಾಕಲಾಗಿತ್ತು, ಅವಸರದಲ್ಲಿ ಒಂದೇ ಕೈಯಲ್ಲಿ ಹಾಕಿದವರ ಹಾಗೆ. ಎಡ ಹೆಗಲ ಮೇಲೆ ಹಾಲು, ಇನ್ನೂ ಹಸಿ. ಎದೆಯ ಪಟ್ಟಿಯ ಮೇಲೆ ಐದು ಬೆರಳಿನ ಅಂಟು ಗುರುತು. ಇಡೀ ಅಂಗೈ ಮುಚ್ಚಲು ನೊರೆಯಕ್ಕನ ಹೆಬ್ಬೆರಳು ಸಾಕಿತ್ತು. ಅವಳು ಹೆಬ್ಬೆರಳನ್ನು ಅದರ ಮೇಲಿಟ್ಟು ಹಾಗೇ ನಿಂತಳು.

ಜೇಬು ಸ್ವಲ್ಪ ಜೋತಿತ್ತು. ಅತ್ತೆ ಕೈ ಹಾಕಿದಳು. ಹೊರಗೆ ಬಂದದ್ದು ಹಿತ್ತಾಳೆ ಬಿಲ್ಲೆ. ಕೋಟಿನ ಗುಂಡಿಗೆ ಕಟ್ಟಿದ್ದ ಬಿಲ್ಲೆಯ ಜೋಡಿ, ಅವನು ಅಂಗಿಯ ಜೇಬಿಗೆ ಹಾಕಿಕೊಂಡು ರಸ್ತೆ ದಾಟಿದ್ದು. ಇಷ್ಟು ವರ್ಷ ಯಾರೋ ಬೆರಳಲ್ಲಿ ತಿಕ್ಕಿ ತಿಕ್ಕಿ ಅದರ ಅಂಕಿ ಸವೆದುಹೋಗಿತ್ತು.

"ವಾಪಸ್ ಕೊಟ್ಟಿದ್ದಾನೆ," ಎಂದ ಮಾಮ.

"ಬರಲ್ಲ ಅಂತ," ಎಂದಳು ನೊರೆಯಕ್ಕ.

ಅತ್ತೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡಳು. ಆ ಮುಷ್ಟಿಯನ್ನು ಬಿಡಿಸುವ ಶಕ್ತಿ ಆ ಊರಿನಲ್ಲಿ ಯಾವ ಪೈಲ್ವಾನನಿಗೂ ಇರಲಿಲ್ಲ.

ಕೋರ್ಟ್ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ನ್ಯಾಯಾಧೀಶರಿಗಷ್ಟೇ ಹೋಗುತ್ತಿತ್ತು. ನೊರೆಯಕ್ಕ ಕಟಕಟೆ ಹತ್ತಿ ಪ್ರಮಾಣ ಮಾಡಿದಳು. ವಕೀಲರು ಗಂಟಲು ಸರಿಮಾಡಿಕೊಂಡು, ಕಲಿಸಿದ ಪ್ರಶ್ನೆಯನ್ನೇ ಕೇಳಿದರು.

"ನಿಮ್ಮ ಪತಿಯ ಬಗ್ಗೆ ಏಳು ವರ್ಷದಿಂದ ನಿಮಗೆ ಏನಾದರೂ ಸುದ್ದಿ ಬಂದಿದೆಯೇ?"

ಅವಳ ಹೆಬ್ಬೆರಳಿನಲ್ಲಿ ಇನ್ನೂ ಅಂಟಿತ್ತು. ಅಂಗಡಿಯ ಗಲ್ಲಾ, ಬಾಯ್ಲರು, ಬಾಗಿಲಿಗಿಂತ ಎತ್ತರದ ಮಾಲೀಕ, ಔಷಧಿ ಅಂಗಡಿಯ ಹೊಸ ಬೋರ್ಡು, ಎಲ್ಲ ಕಣ್ಣ ಮುಂದೆ ಬಂದವು. ಒಂದು 'ಇಲ್ಲ' ಅಂದರೆ ಅವೆಲ್ಲ ಅವಳವು. ಅದೇ 'ಇಲ್ಲ'ಕ್ಕೆ ಎಲ್ಲೋ ಒಂದು ಕೂಸಿನ ಅಪ್ಪ ಕಾಗದದ ಮೇಲೆ ಸಾಯುತ್ತಾನೆ.

"ಬಂದಿದೆ," ಎಂದಳು.

ವಕೀಲರ ಕನ್ನಡಕ ಮೂಗಿನ ತುದಿಗೆ ಜಾರಿತು. ನ್ಯಾಯಾಧೀಶರು ತಲೆಯೆತ್ತಿದರು. "ಏನು ಸುದ್ದಿ?"

"ಬದುಕಿದ್ದಾರೆ ಸ್ವಾಮಿ. ಮರದ ಕೆಲಸ ಮಾಡ್ತಾರೆ. ಮಗು ಇದೆ. ಎಡ ಹೆಗಲ ಮೇಲೆ ಎತ್ಕೊತಾರೆ."

"ಯಾರು ಹೇಳಿದರು?"

"ಯಾರೂ ಹೇಳ್ಲಿಲ್ಲ. ಬಟ್ಟೆ ಒಗೆಯೋಳಿಗೆ ಗೊತ್ತಾಗುತ್ತೆ."

ನ್ಯಾಯಾಧೀಶರು ಬಹಳ ಹೊತ್ತು ಅವಳ ಕೈಗಳನ್ನು ನೋಡಿದರು. ಬೀದಿಯವರ ಪ್ರಕಾರ ಅವರು ಆಮೇಲೆ ಮೆಲ್ಲಗೆ ತಮ್ಮ ತೋಳಿನ ಮೇಲಿದ್ದ ಸಾರಿನ ಕಲೆಯನ್ನು ಮುಚ್ಚಿಕೊಂಡರಂತೆ. ಅರ್ಜಿ ವಜಾ ಆಯಿತು.

"ಎರಡಕ್ಷರ," ಎಂದು ವಕೀಲರು ಹೊರಗಿನ ಮೆಟ್ಟಿಲ ಮೇಲೆ ಹಲುಬಿದರು. "ಎರಡೇ ಎರಡು ಅಕ್ಷರ. ಇಲ್ಲ. ಎಷ್ಟು ಕಷ್ಟ ಅದು?"

"ಬೆಳಿಗ್ಗೆಯಿಂದ ನಾಲಿಗೆ ಮೇಲೇ ಇತ್ತು ಸಾರ್. ಇಳೀಲಿಲ್ಲ."

ಅವರು ಸ್ವಲ್ಪ ದೂರ ನಡೆದು, ನಿಂತು, ತಿರುಗಿ ಬಂದರು. "ನೋಡಮ್ಮ. ಸತ್ತ ಅನ್ನೋ ಅರ್ಜಿ ಬೇರೆ, ಬಿಟ್ಟುಹೋದ ಅನ್ನೋ ಅರ್ಜಿ ಬೇರೆ. ಬಿಟ್ಟುಹೋದವನಿಂದ ವಿಚ್ಛೇದನ ಕೇಳೋದಕ್ಕೆ ಅವನು ಬದುಕಿದ್ರೂ ಅಡ್ಡಿಯಿಲ್ಲ. ಅಂಗಡಿ ಉಳಿಯಲ್ಲ. ಆದ್ರೆ ಇನ್ನೊಂದು ಅಂಗಡಿ ಹಾಕೋದಾದ್ರೆ ಕರಾರು, ಪರವಾನಗಿ, ಎಲ್ಲಾ ನಿಮ್ಮ ಹೆಸರಲ್ಲೇ ಮಾಡ್ಸಿ. ಯಾರ ಗಂಡನ ಹೆಸರೂ ಬೇಡ."

ಹಾಗೇ ಆಯಿತು. ಹಿಂದಿನ ಓಣಿಯಲ್ಲಿ ಒಂದು ಗೂಡು ಸಿಕ್ಕಿತು. ಎಷ್ಟು ಚಿಕ್ಕದೆಂದರೆ ಮಾಮ ಒಳಗೆ ಬಂದರೆ ಹಬೆ ಹೊರಗೆ ಹೋಗಿ ನಿಲ್ಲಬೇಕಿತ್ತು. ಮಾಮನಿಗೆ ಅವಳು ತನ್ನ ರುಜು ಹಾಕಿ ನೇಮಕಾತಿ ಪತ್ರ ಕೊಟ್ಟಳು. ಅವನು ಅದಕ್ಕೆ ಚೌಕಟ್ಟು ಹಾಕಿಸಿ ಇಸ್ತ್ರಿ ಮೇಜಿನ ಮೇಲೆ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದ. "ಈಗ ನಾನು ಇರೋರ ನೌಕರ," ಎನ್ನುತ್ತಿದ್ದ. "ರಜೆ ಕೇಳಿದ್ರೆ ಕೊಡಲ್ಲ ಅಂತಾರೆ. ಅದೂ ಒಂದು ಭಾಗ್ಯ."

ಮೊದಲ ದಿನ, ಬಾಗಿಲು ತೆಗೆದ ಕೂಡಲೇ, ಹಿಂದಿನಿಂದ ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಓಣಿ ಸುತ್ತಿ, ಮುಂದಿನಿಂದ ಬಂದು ಗಿರಾಕಿ ನಿಲ್ಲುವ ಕಡೆ ನಿಂತಳು. ಮುಷ್ಟಿ ಬಿಚ್ಚಿ ಬಿಲ್ಲೆಯನ್ನು ಗಲ್ಲಾದ ಮೇಲಿಟ್ಟಳು.

"ಕೋಟು ಕೊಡಮ್ಮ."

ನೊರೆಯಕ್ಕ ಬಿಲ್ಲೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ನಿಯಮ ನಿಯಮವೇ. ಒಳಗಿನಿಂದ ಕೋಟು ತಂದಳು. ಕೊನೆಯ ಸಲ ಒಗೆದು ಒತ್ತಿಟ್ಟದ್ದು, ಆಮೇಲೆ ಎಷ್ಟೋ ರಜೆ ಕಳೆದರೂ ಚುಕ್ಕೆಯಿಲ್ಲದೆ ಉಳಿದದ್ದು. ಗುಂಡಿಯ ಬಿಲ್ಲೆ ಬಿಚ್ಚಿ, ಎರಡನ್ನೂ ಡಬ್ಬಿಗೆ ಹಾಕಿದಳು. ಮುದುಕಿ ಅಲ್ಲೇ ನಿಂತು ಕೋಟನ್ನು ತೊಟ್ಟುಕೊಂಡಳು. ಅಂಚು ಕಾಲ ಗಂಟಿಗೆ ಬಂತು. ತೋಳುಗಳನ್ನು ಮಾಮ ಮಡಿಸಿಕೊಟ್ಟ.

ಆಮೇಲೆ ಅವಳು ಅದನ್ನು ತೆಗೆಯಲಿಲ್ಲ. ಬಿಸಿಲಿರಲಿ, ಹಬೆಯಿರಲಿ, ಕೋಟು ತೊಟ್ಟುಕೊಂಡೇ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದಳು. ಅವಳ ನಾಲಿಗೆ ಯಾಕೋ ಮೊಂಡಾಗಿತ್ತು. ಬಾಗಿಲ ಕಡೆ ನೋಡುವುದನ್ನೂ ಬಿಟ್ಟಿದ್ದಳು.

ಒಂದು ದಿನ ಮಧ್ಯಾಹ್ನ ನೊರೆಯಕ್ಕ ಬಟ್ಟೆ ವಿಂಗಡಿಸುತ್ತಾ ತಲೆಯೆತ್ತಿದಾಗ, ಅತ್ತೆಯ ಎಡ ಹೆಗಲ ಮೇಲೆ ಕಂದು ಉಣ್ಣೆಯಲ್ಲಿ ಅಂಗೈಯಗಲದ ಬಿಳುಪು ಕಾಣಿಸಿತು. ಈಗ ತಾನೇ ಬಿದ್ದದ್ದು, ಇನ್ನೂ ಇಳಿಯುತ್ತಿತ್ತು. ಓಣಿಯಲ್ಲಿ ಯಾವ ಕೂಸೂ ಇರಲಿಲ್ಲ. ಅವಳು ಅಭ್ಯಾಸಬಲದಿಂದ ಎದ್ದು, ತಣ್ಣೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಒರೆಸಲು ಕೈ ಚಾಚಿದಳು.

ಮುದುಕಿ ಅವಳ ಕೈ ತಡೆದಳು. ಇನ್ನೊಂದು ಕೈ ಹೆಗಲ ಹತ್ತಿರ ಗಾಳಿಯಲ್ಲಿ ಮೆಲ್ಲಗೆ ತಟ್ಟುತ್ತಲೇ ಇತ್ತು.

"ಬಿಡೇ," ಎಂದಳು, ದನಿ ತಗ್ಗಿಸಿ. "ಈಗ ತಾನೇ ನಿದ್ದೆ ಹತ್ತಿದೆ ಕೂಸಿಗೆ."

ನೊರೆಯಕ್ಕ ಹಾಗೇ ನಿಂತಳು. ಒದ್ದೆ ಬಟ್ಟೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕದಂತೆ ಅಂಗೈ ಒಡ್ಡಿ ಹಿಡಿದಳು. ಅವಳ ಹಿಂದೆ ಮಾಮ ಇಸ್ತ್ರಿಪೆಟ್ಟಿಗೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟ.